ತಡವಾಗಿ ಮೆತ್ತಗಾದ ಕಾರು

ಬೆಂಗೇರಿಯ ಗ್ಯಾರೇಜಿನಲ್ಲಿ ನಮ್ಮ ಸ್ಕೂಟರಿಗಾಗಿ ಕಾಯುತ್ತಿದ್ದೆ. ಮೇಸ್ತ್ರಿ ವಸೀಮ ಒಂದು ಹಳೆಯ ಸ್ಪೋರ್ಟ್ಸ್ ಕಾರಿನ ಸವೆದ ಶಾಕ್ ಅಬ್ಸಾರ್ಬರ್ ಬದಲಿಸಿ ಮಾಲೀಕನನ್ನು ಕರೆದ. ಮಾಲೀಕನ ಜೊತೆಗೆ ಅವನ ಬಸುರಿ ತಂಗಿಯಿದ್ದಳು.

“ಈ ಹೊಸಾ ಶಾಕ್ ಗಟ್ಟಿ ಇಡ್ಲೋ, ಮೆತ್ತಗ ಇಡ್ಲೋ, ಸಾಹೇಬ್ರ?”

“ಮೆತ್ತಗ ಇಡಪಾ. ತಂಗಿ ಕೂಡ್ತಾಳ.”

“ಹಳೇವನ್ನೂ ಹಿಂಗ ಮೆತ್ತಗ ಮಾಡಾಕ ಬರತಿತ್ತೇನ್ರಿ ಭಾಯಿ?” ಎಂದು ತಂಗಿ ವಸೀಮನನ್ನು ಕೇಳಿದಳು.

“ಬರತಿತ್ತವಾ. ಗುಂಡಿ ತಿರುವಿದ್ರ ಆತು.”

ಅವಳು ಅಣ್ಣನ ಕಡೆ ತಿರುಗಿದಳು. “ಕಡೀ ಸಲ ಇದ ಕಾರಿನಾಗ ದವಾಖಾನಿಗೆ ಹೋಗುವಾಗ ಅವ್ವ ದಾರಿತುಂಬ ಬೆನ್ನು ಹಿಡಕೊಂಡು ನರಳಿದ್ಲು.”

“ಗಟ್ಟಿ ಇದ್ರ ಜೋರು ಹೋದಾಗ ಕಾರು ವಾಲಂಗಿಲ್ಲ,” ಅಂದ ಅಣ್ಣ.

“ಅವ್ವ ರೇಸಿಗೆ ಹೊಂಟಿದ್ಲೇನು?”

ವಸೀಮ ತಲೆ ತಗ್ಗಿಸಿ, ಹೆಗಲ ಬಟ್ಟೆಯಿಂದ ಅವಳಿಗಾಗಿ ಸೀಟು ಒರೆಸಿದ.

“ಬ್ಯಾಡ್ರಿ ಭಾಯಿ. ನಾ ಆಟೋದಾಗ ಹೊಕ್ಕೇನಿ.”

“ಆಟೋ ಇದಕ್ಕಿಂತ ಜಿಗದಾಡತೈತಿ,” ಅಂದ ಅಣ್ಣ.

“ಜಿಗದಾಡ್ಲಿ. ಆಟೋದಾಂವ ಅವ್ವನ ಮಗ ಅಲ್ಲ.”

ಪಕ್ಕದ ಸೀಟು ಖಾಲಿಯಿದ್ದ ಅಣ್ಣನ ಕಾರು ಅವಳ ಆಟೋದ ಹಿಂದೆಯೇ ನಿಧಾನವಾಗಿ ಹೊರಟಿತು.