ನೀರುನಾಯಿ ಪೊಚಾರೊನ ತಲೆ ಕಳೆದು ಸಿಕ್ಕಿದ ಬಗ್ಗೆ

ನನ್ನ ಹೆಸರು ಯಾಸುಕಾವಾ ಮಿತ್ಸುಎ, ವಯಸ್ಸು 58 ವರ್ಷ, ಉದ್ಯೋಗ: ಯೂನಾಗಿ ಮಕ್ಕಳ ನಾಟಕ ತಂಡದಲ್ಲಿ ವೇಷಗಳ ಹೊಲಿಗೆ, ರಿಪೇರಿ ಮತ್ತು ವ್ಯಾನ್ ಓಡಿಸುವುದು, ವಾಸ: ಕುರಾಶಿಕಿ ನಗರ, ಒಕಾಯಾಮಾ ಜಿಲ್ಲೆ. ಈ ದಿನ ಸಂಜೆ ಮಾತ್ಸುಯಾಮಾ ನಗರದ ದೋಗೊ ಬಿಸಿನೀರ ಬುಗ್ಗೆ ಬೀದಿಯ ಪೊಲೀಸ್ ಚೌಕಿಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ತಂಡ ಊರೂರು ತಿರುಗಿ ಮಕ್ಕಳಿಗೆ ಆಟ ತೋರಿಸುತ್ತದೆ. ಆಟದ ನಾಯಕ ಪೊಚಾರೊ ಎಂಬ ನೀರುನಾಯಿ. ಅದು ಆಳೆತ್ತರದ ವೇಷ. ವೇಷದ ಒಳಗಿರುವವರು ಇಸೊಗಾಯ್ ಎಂಬುವರು, ವಯಸ್ಸು 49. ಈ ವಾಕ್ಯ ಯಾವ ಮಗುವಿನ ಕಣ್ಣಿಗೂ ಬೀಳದಂತೆ ಇಡಬೇಕೆಂದು ಕೋರುತ್ತೇನೆ. ಒಳಗೆ ಒಬ್ಬರಿದ್ದಾರೆ ಎಂದು ಮಕ್ಕಳ ಮುಂದೆ ಬಾಯಿ ಬಿಟ್ಟವರಿಗೆ ನಮ್ಮ ಕಸುಬಿನಲ್ಲಿ ಜಾಗವಿಲ್ಲ. ಪೊಚಾರೊನ ತಲೆ ಹೊಲಿದವಳು ನಾನು. ಹತ್ತೊಂಬತ್ತು ವರ್ಷದಿಂದ ಅದರ ಮೀಸೆ, ಕಿವಿ, ಹಲ್ಲು ನೋಡಿಕೊಳ್ಳುತ್ತಿರುವವಳೂ ನಾನೇ. ಇರುವುದು ಒಂದೇ ತಲೆ.

ಈ ವರ್ಷದಿಂದ ನಮ್ಮಲ್ಲಿ ಹೊಸ ಪದ್ಧತಿ ಬಂದಿದೆ. ಆಟಕ್ಕೆ ಮುಂಚೆ ತಲೆಯನ್ನು ಆಯಾ ಊರಿನ ಹೆಸರಾದ ಜಾಗಗಳಿಗೆ ಒಯ್ದು ಫೋಟೊ ತೆಗೆದು ಸಭಾಂಗಣದ ಬಾಗಿಲಿಗೆ ಅಂಟಿಸಬೇಕು. ಪೊಚಾರೊ ನಮ್ಮ ಬೀದಿಗೂ ಬಂದಿದ್ದ ಎಂದು ಮಕ್ಕಳು ಕುಣಿಯುತ್ತಾರೆ. ಇಷ್ಟು ವರ್ಷ ದೇಶವೆಲ್ಲಾ ಸುತ್ತಿದರೂ ನಾನು ಕಂಡದ್ದು ಸಭಾಂಗಣಗಳ ಹಿಂಬಾಗಿಲು ಮಾತ್ರ. ಈಗ ಸಂಬಳ ತೆಗೆದುಕೊಂಡು ಊರು ನೋಡುವ ಯೋಗ ಬಂದಿದೆ. ನಿನ್ನೆ ಕೋಟೆ ಗುಡ್ಡಕ್ಕೆ ತಂತಿಯ ಮೇಲೆ ಸಾಗುವ ತೂಗುಕುರ್ಚಿಯಲ್ಲಿ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಹತ್ತಿದೆ. ಎದುರಿನಿಂದ ಇಳಿಯುತ್ತಿದ್ದವರೆಲ್ಲಾ ಕೈಬೀಸಿದರು. ಬೀಸಿದ್ದು ನನಗಲ್ಲ ಎಂದು ಗೊತ್ತಿದ್ದರೂ ನಾನೂ ಬೀಸಿದೆ. ಬಹಳ ಖುಷಿಯಾಯಿತು. ಇದನ್ನೆಲ್ಲಾ ಬರೆಯಬೇಕೇ ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಕಾನ್ಸ್‌ಟೇಬಲ್ ಓಚಿಯವರು ಕೇಳಿದರು. ಬರೆಯಿರಿ ಎಂದು ಹೇಳಿದ್ದೇನೆ.

ಈ ದಿನ ಬೆಳಿಗ್ಗೆ ಸುಮಾರು 9 ಗಂಟೆಗೆ ನಾನೂ ಇಸೊಗಾಯ್ ಅವರೂ ಇಲ್ಲಿನ ಹಳೆಯ ಸ್ನಾನದ ಮನೆಯ ಮುಂದೆ ಫೋಟೊ ತೆಗೆದು, ಬೀದಿ ಬದಿಯ ಕಾಲುತೊಟ್ಟಿಗೆ ಬಂದೆವು. ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತರೆ ಏಳುವ ಮನಸ್ಸೇ ಬರುವುದಿಲ್ಲ. ತಲೆ ನನ್ನ ಪಕ್ಕದ ಬೆಂಚಿನ ಮೇಲಿತ್ತು. ನನಗೆ ಜೋಂಪು ಹತ್ತಿತು. ಆ ಹೊತ್ತಿಗೆ ಇಸೊಗಾಯ್ ಅವರು ಎದುರಿನ ಅಂಗಡಿಯಲ್ಲಿ ಹೊಸ ಮಿಕಾನ್ ಕಿತ್ತಳೆ ಅಗ್ಗವಾಗಿದೆ ಎಂದು ಮೂರು ಕೆಜಿ ಕೊಂಡರು. ಚೀಲ ಇರಲಿಲ್ಲ. ಪೊಚಾರೊನ ತಲೆಯನ್ನು ಕಟ್ಟಿ ಒಯ್ಯುವ ನೀಲಿ ವಸ್ತ್ರದಲ್ಲೇ ಹಣ್ಣನ್ನು ಗಂಟು ಕಟ್ಟಿ ನನ್ನ ಕೈಗಿಟ್ಟು, ಟ್ರಾಮ್ ಬಂತು, ನಡೀರಿ ಅಕ್ಕ ಎಂದು ಅವಸರ ಮಾಡಿದರು. ವಸ್ತ್ರ ಅದೇ, ಗುಂಡಗಿನ ಗಂಟೂ ಅದೇ. ನಾನು ತಲೆಯೆಂದೇ ಎದೆಗವಚಿಕೊಂಡು ಹೋದೆ. ಟ್ರಾಮಿನಲ್ಲಿ ಅದಕ್ಕೆ ಕಿಟಕಿ ಪಕ್ಕದ ಸೀಟನ್ನೂ ಕೊಟ್ಟೆ.

11.30ಕ್ಕೆ ಸಭಾಂಗಣದಲ್ಲಿ ಗಂಟು ಬಿಚ್ಚಿದಾಗ ಕಿತ್ತಳೆ ಹಣ್ಣುಗಳು ನೆಲದ ತುಂಬಾ ಉರುಳಿದವು. 2 ಗಂಟೆಗೆ ಆಟ, ಟಿಕೆಟ್ಟುಗಳೆಲ್ಲಾ ಖರ್ಚಾಗಿದ್ದವು. ತಲೆಯಿಲ್ಲದ ಪೊಚಾರೊನನ್ನು ಮಕ್ಕಳ ಮುಂದೆ ನಿಲ್ಲಿಸುವಂತಿಲ್ಲ. ಇಸೊಗಾಯ್ ಅವರಿಗೆ ಬಾಯಿಗೆ ಬಂದದ್ದೆಲ್ಲಾ ಅಂದೆ. ಅದರ ವಿವರ ಈ ಹೇಳಿಕೆಗೆ ಬೇಕಿಲ್ಲ. ಅವರು ಕುತ್ತಿಗೆಯವರೆಗೆ ವೇಷ ಹಾಕಿಕೊಂಡು ಕೂತು, ದಿಗಿಲಿಗೆ ಹಣ್ಣು ಸುಲಿದು ಸುಲಿದು ತಿನ್ನುತ್ತಿದ್ದರು. ನಾನು ಟ್ರಾಮ್ ಹಿಡಿದು ವಾಪಸು ಬಂದೆ. ಬೆಂಚು ಖಾಲಿಯಾಗಿತ್ತು. ಯಾರೋ ವೃದ್ಧೆ ತಲೆಯನ್ನು ಪೊಲೀಸ್ ಚೌಕಿಗೆ ಒಪ್ಪಿಸಿದರೆಂದು ಅಂಗಡಿಯಾಕೆ ತಿಳಿಸಿದರು. ಆ ವೃದ್ಧೆಗೆ ದೇವರು ನೂರು ವರ್ಷ ಆಯಸ್ಸು ಕೊಡಲಿ ಎಂದುಕೊಂಡು ಓಡಿದೆ.

12.30ರ ಸುಮಾರಿಗೆ ಚೌಕಿಗೆ ಬಂದೆ. ತಲೆ ಮೇಜಿನ ಮೇಲೆ ಇತ್ತು. ನಮ್ಮ ವೇಷದ ತಲೆ ಎಂದು ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಮೇಜಿನ ಮುಂದೆ ಸುಮಾರು 5 ವರ್ಷದ ಹುಡುಗಿ ನಿಂತಿದ್ದಳು. ಹೆಸರು ಸುಮಿರೆ ಎಂದು ಆಮೇಲೆ ತಿಳಿಯಿತು. ಕೈಯಲ್ಲಿ ನಮ್ಮ ಆಟದ ಟಿಕೆಟ್ಟು, ಪಕ್ಕದಲ್ಲಿ ಅವಳ ತಾತ. ದಾರಿಯಲ್ಲಿ ಹೋಗುತ್ತಾ ತಲೆಯನ್ನು ಕಂಡು ಒಳಗೆ ಬಂದಿದ್ದಳು. ಪೊಚಾರೊನ ಮೈ ಎಲ್ಲಿ ಎಂದು ಓಚಿಯವರನ್ನು ಕೇಳುತ್ತಿದ್ದಳು. ಅವರು ಟೋಪಿ ಸರಿಮಾಡಿಕೊಳ್ಳುತ್ತಾ ನಿಂತಿದ್ದರು.

ನಾನು ಹೇಳಿದೆ: "ಮೈ ಬಿಸಿನೀರ ಸ್ನಾನಕ್ಕೆ ಹೋಗಿದೆ ಪುಟ್ಟಿ. ತಲೆಗೆ ಬಿಸಿ ತಡೆಯಲ್ಲ, ಸುತ್ತು ಬರುತ್ತೆ. ಅದಕ್ಕೇ ಹೊರಗೆ ಕೂತಿದೆ."

ಅವಳು ಸ್ವಲ್ಪ ಯೋಚಿಸಿ, ತನ್ನ ತಾತನಿಗೂ ಹಾಗೇ ಆಗುತ್ತದೆ, ಹೋದ ವಾರ ಸ್ನಾನದ ಮನೆಯಿಂದ ಅವರನ್ನು ಬರೀ ಟವೆಲ್ಲಿನಲ್ಲಿ ಇಬ್ಬರು ಎತ್ತಿಕೊಂಡು ಬಂದರು ಎಂದಳು. ಇದನ್ನು ಪೊಲೀಸರ ಮುಂದೆ ಹೇಳುವ ಅಗತ್ಯವಿರಲಿಲ್ಲ ಎಂದು ತಾತ ಗೊಣಗಿದರು.

ತಲೆ ನಿಮ್ಮದೆನ್ನಲು ಗುರುತೇನು ಎಂದು ಓಚಿಯವರು ಕೇಳಿದರು. ನನ್ನ ಲೈಸೆನ್ಸು ವ್ಯಾನಿನಲ್ಲಿ ಉಳಿದಿತ್ತು. ಗುರುತುಗಳಿಗೇನು ಬರವಿಲ್ಲ. ಬೆವರು ಹೀರುವ ಪಟ್ಟಿ, ಪುಟ್ಟ ಫ್ಯಾನು, ಅದರ ಬ್ಯಾಟರಿ, ಇಸೊಗಾಯ್ ಅವರ ಹೆಸರು. ಆದರೆ ಎಲ್ಲವೂ ತಲೆಯ ಒಳಗಡೆ. ಒಂದನ್ನೂ ಆ ಮಗುವಿನ ಮುಂದೆ ಹೇಳುವಂತಿರಲಿಲ್ಲ. ನನ್ನ ಮುಖ ನೋಡಿ ಅನುಮಾನ ಬಂದು, ಓಚಿಯವರು ತಲೆಯನ್ನು ಕಿವಿ ಹಿಡಿದೆತ್ತಿ ಒಳಗೆ ಬಗ್ಗಿ ನೋಡಲು ಹೊರಟರು. ತಿರುಗಿಸಬೇಡಿ ಎಂದು ನಾನು ಚೀರಿದೆ. ಕರ್ತವ್ಯನಿರತ ಪೊಲೀಸರ ಕೈಯಿಂದ ವಸ್ತುವನ್ನು ಕಸಿದುಕೊಂಡದ್ದು ನಿಜ. ಗದ್ದದ ಕೆಳಗೆ ಒಂದು ಕೈ, ಹಿಂದಲೆಗೆ ಒಂದು ಕೈ ಕೊಟ್ಟು ಹೆಗಲಿಗೆ ಆನಿಸಿಕೊಂಡೆ.

ಅಷ್ಟರಲ್ಲಿ ಆ ಹುಡುಗಿ ಹೇಳಿದಳು: "ಪೊಲೀಸ್ ಮಾಮ, ಇವರು ಪೊಚಾರೊನ ಅಮ್ಮ. ನಮ್ಮಮ್ಮ ಪಾಪೂನ ಹಿಂಗೇ ಎತ್ಕೊಳ್ಳೋದು."

ನನಗೆ ಮಕ್ಕಳಿಲ್ಲ. ಇದು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ. ನಾನು ಒತ್ತಾಯಿಸಿದ್ದರಿಂದ ಬರೆಯಲಾಗಿದೆ.

ಓಚಿಯವರು ಹುಡುಗಿಯನ್ನು, ನನ್ನನ್ನು, ಕೊನೆಗೆ ಗಡಿಯಾರವನ್ನು ನೋಡಿದರು. ಮೊದಲು ಆಟ ಮುಗಿಸಿ, ಸಂಜೆ ಲೈಸೆನ್ಸು ತಂದು ಹೇಳಿಕೆ ಕೊಡಿ ಎಂದು ಬಿಟ್ಟುಕೊಟ್ಟರು. ತಾತ, ಮೊಮ್ಮಗಳು, ನಾನು ಒಂದೇ ಟ್ರಾಮಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ತಲೆಗೆ ತನ್ನ ಟಿಕೆಟ್ಟಿನಿಂದ ಗಾಳಿ ಬೀಸಿದಳು.

2 ಗಂಟೆಗೆ ಸರಿಯಾಗಿ ಆಟ ಶುರುವಾಯಿತು. ಪೊಚಾರೊ ರಂಗಕ್ಕೆ ಬಂದ ಕೂಡಲೇ ಮೂರನೇ ಸಾಲಿನಿಂದ ಒಂದು ಧ್ವನಿ ಸುತ್ತು ಹೋಯಿತಾ ಎಂದು ಕೇಳಿತು. ಇಸೊಗಾಯ್ ಅವರಿಗೆ ನಾನು ವಿಷಯ ತಿಳಿಸಿರಲಿಲ್ಲ, ಇನ್ನೂ ಸಿಟ್ಟಿತ್ತು. ಆದರೆ ಅಷ್ಟು ಕಿತ್ತಳೆ ತಿಂದವರು ಗಿರಕಿ ಹೊಡೆಯುವಾಗ ನಿಜಕ್ಕೂ ತೂರಾಡಿಬಿಟ್ಟರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಪರದೆಯ ಪಕ್ಕದಲ್ಲಿ ನಿಂತು ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಸಂಜೆ ಲೈಸೆನ್ಸಿನೊಂದಿಗೆ ಬಂದಾಗ ಓಚಿಯವರ ಮುಂದೆ ಕಳೆದುಹೋದ ವಸ್ತುಗಳ ಪುಸ್ತಕ ತೆರೆದಿತ್ತು. ಅವರು ಅದನ್ನು ಮುಚ್ಚಿ ಪಕ್ಕಕ್ಕಿಟ್ಟರು. ತಪ್ಪಿಸಿಕೊಂಡ ಮಕ್ಕಳ ಪುಸ್ತಕ ಎಳೆದುಕೊಂಡು, ತಲೆಯೆತ್ತದೆ, ಹುಡುಗ ನಿಮಗೇನಾಗಬೇಕು ಎಂದು ಕೇಳಿದರು.

ನಾನು ಹೇಳಿದ್ದನ್ನು ಓಚಿಯವರು ನನಗೆ ಓದಿ ತಿಳಿಸಿದ್ದಾರೆ. ಹೇಳಿದ್ದು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ದೋಗೊ, ಮಾತ್ಸುಯಾಮಾ
ದಿನಾಂಕ: 17 ನವೆಂಬರ್ 2024
ಸಹಿ: ಯಾಸುಕಾವಾ ಮಿತ್ಸುಎ
ಸಂಬಂಧ: ತಾಯಿ