ಮೊಣಕೈಯ ಮುಲಾಮು

ಉಗುರುಸುತ್ತಿಗೆ ಔಷಧಿ ಕೇಳಲು ಬಂದಿದ್ದ ದರ್ಜಿ, ಚರ್ಮದ ಡಾಕ್ಟರ ಕೋಣೆಯ ಹೊರಗೆ ಕಣ್ಣು ಮುಚ್ಚಿ ಕೂತಿದ್ದ. ಅವನಿಗೆ ನಿದ್ದೆ ಹತ್ತಿದೆಯೆಂದುಕೊಂಡು ಪಕ್ಕದ ಬಸ್ ಡ್ರೈವರನೂ ಅವನ ಹೆಂಡತಿಯೂ ಪಿಸುಗುಡತೊಡಗಿದರು. ಆಮೇಲೆ ಕಣ್ಣು ಬಿಡಲು ದರ್ಜಿಗೇ ನಾಚಿಕೆಯಾಯಿತು.

“ಹೋದ್ಸಲ ಡಾಕ್ಟರಿಗೆ ಏನು ತೋರಿಸಿದ್ರಿ?”

“ಮೊಣಕೈ.”

“ಅಷ್ಟೇನಾ?”

“ಅಲ್ಲೂ ಇಸುಬು ಇತ್ತಲ್ಲ. ಎರಡೂ ಒಂದೇ ಅಂತ ಅದೇ ಮುಲಾಮು ಕೆಳಗೂ ಹಚ್ಚಿದೆ.”

“ಅದಕ್ಕೇ ಸುಲಿದು ರಣವಾಗಿರೋದು. ಮೊಣಕೈ ಚರ್ಮ ತಡ್ಕೊಳ್ಳೋದನ್ನ ಚಡ್ಡಿಯೊಳಗಿನ ಚರ್ಮ ತಡ್ಕೊಳ್ಳುತ್ತಾ?”

“ಮೆಲ್ಲಗೆ ಮಾತಾಡೆ.”

“ನನಗಾದ್ರೂ ಹೇಳಬಾರದಿತ್ತಾ? ಚಾಪೆ ತಗೊಂಡು ಹೋಗಿ ಹಾಲ್‌ನಲ್ಲಿ ಮಲಗೋಕೆ ಶುರು ಮಾಡಿದ್ರಿ. ಬೇರೆ ಯಾರೋ ಇದ್ದಾಳೆ ಅಂತ ನಮ್ಮಕ್ಕನ ಮುಂದೆ ಅತ್ತುಬಿಟ್ಟೆ.”



“ಅದನ್ನ ನೋಡಿದ್ರೆ ನೀನು ಹಾಗೇ ಅಂದ್ಕೋತೀಯ ಅಂತಾನೇ ಕಣೆ ಮುಚ್ಚಿಟ್ಟಿದ್ದು.”



“ಇವತ್ತಾದ್ರೂ ಸರಿಯಾಗಿ ತೋರಿಸ್ತೀರಾ?”

“ತೋರಿಸ್ತೀನಿ. ಬಾಯಿಬಿಟ್ಟು ಹೇಳೋಕೆ ಮಾತ್ರ ನನ್ನ ಕೈಲಾಗಲ್ಲ. ನೀನೂ ಒಳಗೆ ಬಾ, ನೀನೇ ಹೇಳು. ನಾನು ಗೋಡೆ ಕಡೆ ನೋಡ್ತಿರ್ತೀನಿ.”

ನರ್ಸ್ ಕರೆದಳು. ಇಬ್ಬರೂ ಎದ್ದ ಸದ್ದಾದ ಮೇಲೆ ದರ್ಜಿ ಕಣ್ಣು ಬಿಟ್ಟ. ಬಾಗಿಲ ಹತ್ತಿರ ಡ್ರೈವರ್ ಆಗಲೇ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದ. ಹೆಂಡತಿ ಅದನ್ನು ಮಣಿಕಟ್ಟಿನವರೆಗೆ ಕೆಳಗೆಳೆದು, ಗುಂಡಿ ಹಾಕಿ, ಅವನನ್ನು ಒಳಗೆ ಕರೆದುಕೊಂಡು ಹೋದಳು.