ಪಿಟೀಲು ಮಡಿಲಲ್ಲಿಟ್ಟು ಸುಮ್ನಿದ್ದದ್ದು

...ಅಲ್ಲ ಮಾರಾಯಾ, ತಂಗಿ ಶಾಲೆದು ಎಂತದೋ ಹೇಳ್ತಾ ಇದ್ದಾಳೆ, ಅವಳದ್ದು ಮುಗೀಲಿ ಅಲ್ವಾ? ನೀ ಎಂತಕ್ಕೆ ನಡೂಲಿ ಬಾಯಿ ಹಾಕ್ತೆ? ನಂದೂ ಹಾಗೇ ಆಗಿತ್ತು ಬೊಂಬಾಯಲ್ಲಿ. ಬಾಯಿ ಅಲ್ಲ, ಪಿಟೀಲು. ಹಾಂ, ನಗು ನಗು. ಅವತ್ತು ಈ ಅಜ್ಜಿ ಅನ್ನಕ್ಕೇ ಕಲ್ಲು ಬೀಳೂದಿತ್ತು, ಗೊತ್ತುಂಟಾ?

ನನ್ನ ಅಪ್ಪ, ನಿಮ್ಮ ಮುತ್ತಜ್ಜ, ಭಟ್ಕಳದಿಂದ ಕುಮಟೆವರೆಗೆ ಎಲ್ಲಿ ಹರಿಕಥೆ ಇದ್ರೂ ಅವರದೇ ಪಿಟೀಲು. ಇಡಗುಂಜಿಯಲ್ಲಂತೂ ಅವರು ಬರದೆ ದಾಸರು ಬಾಯೇ ಬಿಡ್ತಿರ್ಲಿಲ್ಲ. ನಂಗೆ ಕಲಿಸಿದ್ದೂ ಅವರೇ, ಚಾಪೆ ಮೇಲೆ ಕೂರಿಸಿ, ಪಿಟೀಲಿನ ತಲೆ ಪಾದಕ್ಕೆ ಆನಿಸಿ. ಅವರದ್ದು ಒಂದೇ ಪಾಠ. "ಮಗಾ, ಹಾಡೋರು ಒಂದು ಸಾಲು ಹಾಡಿ ಉಸಿರು ತಕೊಂಡ್ರೋ, ಆ ಸಾಲು ನಿನ್ನ ತಂತೀಲಿ ತಿರುಗಿ ಬರ್ಬೇಕು. ಜಾಗ ಖಾಲಿ ಬಿಡೂಕಿಲ್ಲ." ಅದು ಕೈಗೇ ಹತ್ತಿಬಿಟ್ಟಿತ್ತು. ಯಾರಾದ್ರೂ ಶಿಳ್ಳೆ ಹಾಕಿದ್ರೂ ನನ್ನ ಬೆರಳು ಕುಣೀತಿತ್ತು. ಆಮೇಲೆ ಹೊನ್ನಾವರದಲ್ಲಿ ನಮ್ಮ ಮನೆ ಹತ್ರದ ಇಗರ್ಜಿ, ಅದೇ ಚರ್ಚಿನ ಪಿಟೀಲು ಮಾಸ್ತರು, ಪುಣ್ಯಾತ್ಮ, ಕುರ್ಚಿ ಮೇಲೆ ಕೂತು ಗದ್ದದ ಕೆಳಗೆ ಇಟ್ಟು, ಸ್ವರ ಬರೆದ ಕಾಗದ ನೋಡಿ ಬಾರಿಸೂದು ಹೇಳಿಕೊಟ್ರು. ಅವರ ಮನೇಲೇ ಕೊಂಕಣಿ ಬಂತು ನಂಗೆ.

ಮದುವೆ ಆಗಿ ಬೊಂಬಾಯಿಗೆ ಹೋದೆ. ನಿಮ್ಮಜ್ಜ ಬಟ್ಟೆ ಗಿರಣೀಲಿ ಇದ್ರು. ಗಿರಣಿ ಮುಚ್ಚಿತು. ಆಗಿನ ಕಷ್ಟ ಎಂತ ಹೇಳೂದು, ಗಂಜಿಗೆ ಉಪ್ಪಿನಕಾಯಿ ಇದ್ರೆ ಅದೇ ಹಬ್ಬ. ಮಾಸ್ತರ ಅಳಿಯ ಅಲ್ಲಿ ದೊಡ್ಡ ಆರ್ಕೆಸ್ಟ್ರಾದಲ್ಲಿದ್ದ, ಅವನೇ ಕರ್ಕೊಂಡು ಹೋದ. ಅಲ್ಲಿ ಖಾಯಂ ಆದ್ರೆ ಸಿನೆಮಾ ಸ್ಟುಡಿಯೋದವರೂ ಕರೀತಾರೆ, ಒಲೆ ಉರೀತದೆ. ಇಲ್ಲದಿದ್ರೆ ಗಂಟುಮೂಟೆ ಕಟ್ಟಿ ಊರಿಗೆ.

ಆ ಹಾಲ್ ಒಳಗೆ ಹೋದೆ ನೋಡು, ಬಾಗಿಲಲ್ಲೇ ನಿಂತುಬಿಟ್ಟೆ! ಅಷ್ಟು ಪಿಟೀಲು ನಾ ಜನ್ಮದಲ್ಲಿ ಕಂಡಿದ್ದಿಲ್ಲ. ಒಂದು ಕಮಾನು ಮೇಲೆ ಹೋದ್ರೆ ಎಲ್ಲಾ ಮೇಲೆ, ಕೆಳಗೆ ಬಂದ್ರೆ ಎಲ್ಲಾ ಕೆಳಗೆ, ಗಾಳಿಗೆ ಗದ್ದೆ ಬಗ್ಗಿದ ಹಾಗೆ. ನಂಗೆ ಮೈಯೆಲ್ಲಾ ಜುಂ ಅಂತು. ಹೆದ್ರಿಕೆಯೋ, ಖುಷಿಯೋ, ಈಗ್ಲೂ ಗೊತ್ತಿಲ್ಲ. ಎದುರಿಗೆ ಕೋಲು ಹಿಡ್ಕೊಂಡು ಒಬ್ರು ಗೋವಾದ ಮುದುಕರು, ಆ ಕೋಲು ಅಲ್ಲಾಡಿದ ಹಾಗೆ ಎಲ್ರೂ ಬಾರಿಸೂದು. ಬಾರಿಸ್ತಾ ಬಾರಿಸ್ತಾ ಪಿಟೀಲೆಲ್ಲ ನಿಂತವು. ಒಂದು ಕೊಳಲು, ಒಂದೇ ಒಂದು, ಎಂತ ಚಂದದ ಸಾಲು ಅಂತೀಯಾ, ನುಡಿದು ಉಸಿರು ತಕೊಂಡಿತು. ಅಷ್ಟೇ! ನನ್ನ ಕೈ ಅದೇ ಸಾಲು ತಿರುಗಿಸಿ ಬಾರಿಸಿಬಿಟ್ಟಿತು. ಅಪ್ಪನ ಪಾಠ ಅಲ್ವಾ! ಜಾಗ ಖಾಲಿ ಬಿಡೂಕಿಲ್ಲ!

ಕೋಲು ನಿಂತಿತು. ಎಲ್ಲಾ ನಿಂತಿತು.

"ಕೋಣ್ ತೆಂ?" ಅಂದ್ರು. ಯಾರದು ಅಂತ, ಸಿಟ್ಟು ಬಂದ್ರೆ ಅವರಿಗೆ ಕೊಂಕಣಿಯೇ. ನಾ ಎದ್ದು ನಿಂತೆ. "ಹಾಂವ್, ಸರ್." ನಾನು ಅಂತ. ಅವರು ಇಳಿದು ಬಂದು ನನ್ನ ಕಾಗದದ ಮೇಲೆ ಬೆರಳು ಇಟ್ರು.

"ಇಲ್ಲಿ ಎಂತ ಬರೆದಿದೆ?"

"ಎಂತ ಇಲ್ಲ, ಸರ್."

"ಎಂತ ಇಲ್ಲ ಅಲ್ಲ. ಸುಮ್ನಿರು ಅಂತ ಬರೆದಿದೆ. ಅದೂ ನಿಂದೇ ಪಾಲು. ನಾಳೆ ಮತ್ತೆ ಇದೇ ಬಾರಿಸೂದು. ಈ ಜಾಗದಲ್ಲಿ ನಿನ್ನ ಪಿಟೀಲು ಕೇಳಿತೋ, ನೀನು ಊರಿಗೆ ಹೋಗು."

ಮನೇಲಿ ನಿಮ್ಮಜ್ಜ ಕೇಳಿದ್ರು, "ಎಂತಾತು?" ಇದ್ದದ್ದು ಹೇಳಿದೆ. ಬಾರಿಸೂಕೆ ಬರೂದಿಲ್ಲ ಅಂತ ಬೈದ್ರೆ ಕೂತು ಕಲೀಬಹುದು. ಸುಮ್ನಿರೂಕೆ ಬರೂದಿಲ್ಲ ಅಂದ್ರೆ ಎಂತ ಕಲಿಯೂದು?

ಮರುದಿನ ಆ ಜಾಗ ಬಂತು. ಪಿಟೀಲು ಮಡಿಲಲ್ಲಿಟ್ಟೆ, ಕಮಾನಿನ ಕೈಯನ್ನ ಇನ್ನೊಂದು ಕೈಯಲ್ಲಿ ಗಟ್ಟಿ ಹಿಡ್ಕೊಂಡೆ, ಕಳ್ಳನ್ನ ಹಿಡ್ದ ಹಾಗೆ. ಕೊಳಲು ನುಡೀತು, ನಿಂತಿತು. ಬೆರಳು ಹಾರ್ತದೆ, ನಾ ಬಿಡೂದಿಲ್ಲ. ಆಗ ಕೇಳಿತು ಮಕ್ಕಳೇ! ಹಿಂದೆ, ಎಲ್ಲೋ ಮೂಲೇಲಿ, ನೆಲಕ್ಕೆ ಊರಿ ಬಾರಿಸ್ತಾರಲ್ಲ ಆ ದೊಡ್ಡ ಪಿಟೀಲು, ಅವು ಮೆಲ್ಲಗೆ, ಸಮುದ್ರ ದೂರದಲ್ಲಿ ಮೊರೆದ ಹಾಗೆ, ಆ ಸಾಲಿಗೆ ಉತ್ತರ ಕೊಟ್ವು. ಅಯ್ಯೋ ದೇವ್ರೇ! ಜಾಗ ಖಾಲಿ ಇರ್ಲೇ ಇಲ್ಲ! ಅದು ಬೇರೆಯವರ ಮಾತಿನ ಜಾಗ, ನಿನ್ನೆ ನಾ ಅದರ ಮೇಲೇ ಹೋಗಿ ಕೂತಿದ್ದೆ. ಕಣ್ಣಲ್ಲಿ ನೀರು ಇಳೀತು, ಒರೆಸೂಕೆ ಕೈಯೂ ಖಾಲಿ ಇಲ್ಲ. ಮುದುಕರು ನನ್ನ ಕಡೆ ನೋಡಿ ಕೋಲು ಚೂರು ಎತ್ತಿದ್ರು, ಈಗ ನಿಂದು ಬಾ ಅಂತ. ಪಿಟೀಲೆತ್ತಿ ಬಾರಿಸ್ತಾ ಹೋದೆ. ಕೂದಲು ಹಣ್ಣಾಗೂವರೆಗೆ ಅದೇ ಕುರ್ಚಿ.

ಈಗ ಊರ ಕಡೆ ಬಂದ ಮೇಲೆ, ಇಲ್ಲಿ ಕುಮಟೆಯಲ್ಲಿ ಕಲಿಯೂಕೆ ಬರೂ ಮಕ್ಕಳಿಗೂ ಮೊದಲು ಅದೇ, ಪಿಟೀಲು ಮಡಿಲಲ್ಲಿಟ್ಟು ಕೇಳೂದು. ಅವರ ಅಪ್ಪ ಅಮ್ಮ ಬೈತಾರೆ, ಅಜ್ಜಿ ಎಂತದೂ ಕಲಿಸೂದಿಲ್ಲ ಅಂತ. ಬೈಯಲಿ. ಇನ್ನೊಬ್ರ ಮಾತಿಗೆ ಜಾಗ ಬಿಟ್ಟವಂಗೇ ಉತ್ತರ ಕೇಳ್ತದೆ. ಆತಾ? ಹಾಂ ತಂಗಿ, ನಿಂದು ಹೇಳು.